ಇಂಚರ ಸಿಗುವುದಿಲ್ಲ

ಆ ಮನುಷ್ಯ ಗೇಟು ತಳ್ಳಿಕೊಂಡು ಒಳಗೆ ಬಂದಾಗ ಸರ್ವಮಂಗಳ ದಾವಣಗೆರೆಯ ತನ್ನ ಮನೆಯ ಅಂಗಳದ ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು. ಮೂವತ್ತೈದು ದಾಟಿದ ಆಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರೂ ಗುಂಡಿಗಳನ್ನು ಮೇಲೆ ಕೆಳಗೆ ಮಾಡಿ ಹಾಕಿಕೊಂಡಿದ್ದ.

"ಕಥೆ ಬರೆಯೋ ಸರ್ವಮಂಗಳಮ್ಮ ಅಂದ್ರೆ ನೀವೇ ಏನ್ರೀ?"

ಓದುಗರು ಮನೆ ಹುಡುಕಿಕೊಂಡು ಬರುವುದು ಅವಳಿಗೆ ಹೊಸದಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಹೌದು, ಬರ್ರಿ. ಕುತ್ಕೊಳ್ರಿ" ಎಂದು ಜಗಲಿ ತೋರಿಸಿದಳು.

ಅವನು ಕೂರಲಿಲ್ಲ. "ಆ ಹುಡುಗೀನ ಯಾವಾಗ ಸಿಗಂಗೆ ಮಾಡ್ತೀರಿ?"

"ಯಾವ ಹುಡುಗಿ?"

"ಯಾವ ಹುಡುಗಿ ಅಂತ ನನ್ನೇ ಕೇಳ್ತೀರಾ? ಇಂಚರ! ನಿಮ್ಮ ಇಂಚರ!" ಅವನ ದನಿ ಒಡೆಯಿತು. "ನನ್ನ ಹೆಂಡ್ತಿ ಊಟ ಬಿಟ್ಟಾಳೆ. ಮೆಡಿಕಲ್ ಶಾಪಿನಾಗೆ ಕೆಲಸ ಇತ್ತು, ಅದನ್ನೂ ಬಿಟ್ಟಾಳೆ. ಈಗ ಸಿಗ್ತಾಳೆ, ಇನ್ನೊಂದು ಪುಟಕ್ಕೆ ಸಿಗ್ತಾಳೆ ಅಂತ ಫೋನು ಹಿಡ್ಕಂಡು ಕುಂತುಬಿಟ್ಟಾಳೆ. ಒಂದು ಕೂಸು ಸಿಗಾಕೆ ಇಷ್ಟು ದಿನ ಬೇಕೇನ್ರೀ?"

ಇಂಚರ ಸರ್ವಮಂಗಳಳ ಕಥೆಯ ಹುಡುಗಿಯೇನೋ ಹೌದು. ಆದರೆ ಆ ಕಥೆಗೆ ಅವಳು ಒಂದು ಸಾಲು ಬರೆದು ನಾಲ್ಕು ತಿಂಗಳಾಗಿತ್ತು.

ಸರ್ವಮಂಗಳ ಮದುವೆಯಾದ ಮರುವರ್ಷದಿಂದ ಧಾರಾವಾಹಿ ಬರೆದೇ ಬದುಕಿದವಳು. ಮೊದಲು ವಾರಪತ್ರಿಕೆಗಳಿಗೆ ಬರೆಯುತ್ತಿದ್ದಳು. ಅವು ಒಂದೊಂದಾಗಿ ಮುಚ್ಚಿಹೋದ ಮೇಲೆ 'ಕಥಾತೊರೆ' ಎಂಬ ಆ್ಯಪಿಗೆ ಬರೆಯತೊಡಗಿದಳು. ಮೊದಮೊದಲು ಅಲ್ಲಿ ಸುಗ್ಗಿಯೇ ಆಗಿತ್ತು. ಓದುಗರು ಅಧ್ಯಾಯಕ್ಕಿಷ್ಟೆಂದು ಕೊಡುತ್ತಿದ್ದರು, ಅದರಲ್ಲೊಂದು ಪಾಲು ಬರೆದವರಿಗೆ ಸೇರುತ್ತಿತ್ತು. ಗಂಡ ಮುರುಗೇಶನ ಆಫ್‌ಸೆಟ್ ಪ್ರೆಸ್ಸು ನಿಂತುಹೋದಾಗ ಮನೆ ನಡೆದದ್ದು ಆ ಪಾಲಿನಿಂದಲೇ.

ಆಮೇಲೆ ಮಿಡಿಪಟ್ಟಿ ಬಂತು. ಕೈಗಡಿಯಾರದಂಥ ರಬ್ಬರಿನ ಪಟ್ಟಿ. ನಾಡಿಯ ಬಡಿತ, ಅಂಗೈಯ ಬೆವರು, ಉಸಿರಿನ ಏರಿಳಿತ ಅಳೆಯುತ್ತಿತ್ತು. ಆರೋಗ್ಯಕ್ಕೆ ಒಳ್ಳೆಯದೆಂದು ಜನ ಕಟ್ಟಿಕೊಂಡಿದ್ದ ಆ ಪಟ್ಟಿಯನ್ನು ಕಥಾತೊರೆ ತನ್ನ ಆ್ಯಪಿಗೆ ಜೋಡಿಸಿಕೊಂಡಿತು. ಯಾವ ಸಾಲಿಗೆ ಓದುಗರ ಎದೆ ಹೊಡೆದುಕೊಂಡಿತು, ಎಲ್ಲಿ ಆಕಳಿಕೆ ಬಂತು ಎಂಬುದೆಲ್ಲ ಕಂಪನಿಗೆ ಕಾಣತೊಡಗಿತು. ಅದರ ಬೆನ್ನಿಗೇ ಬಂದದ್ದು 'ಹೆಣಿಗೆ'. ಓದುಗರ ಬಡಿತ ನೋಡಿಕೊಂಡು ಕಥೆಯ ಮುಂದಿನ ಪುಟವನ್ನು ಆ ಕ್ಷಣದಲ್ಲೇ ಬರೆದುಕೊಡುವ ಯಂತ್ರ. ಒಬ್ಬೊಬ್ಬರಿಗೆ ಒಂದೊಂದು ಪುಟ. ಲೇಖಕರು ಆರಂಭ ಕೊಟ್ಟರೆ ಸಾಕು, ಉಳಿದದ್ದನ್ನು ಅದು ಅವರದೇ ಶೈಲಿಯಲ್ಲಿ, ಅವರದೇ ಹೆಸರಿನಲ್ಲಿ ಎಳೆದುಕೊಂಡು ಹೋಗುತ್ತಿತ್ತು.

ಜೊತೆಯಲ್ಲಿ ಬರೆಯುತ್ತಿದ್ದವರು ಒಬ್ಬೊಬ್ಬರಾಗಿ ಚದುರಿಹೋದರು. ಒಬ್ಬಾಕೆ ಹಾಸನದಲ್ಲಿ ಟೇಲರಿಂಗ್ ಅಂಗಡಿ ಇಟ್ಟಳು. ಪತ್ತೇದಾರಿ ಕಥೆಗಳಿಗೆ ಹೆಸರಾಗಿದ್ದವರೊಬ್ಬರು ಕಲ್ಯಾಣಮಂಟಪದ ಮ್ಯಾನೇಜರ್ ಆದರು. ಸರ್ವಮಂಗಳ ಮಾತ್ರ ಹಟ ಹಿಡಿದು 'ಇಂಚರ ಎಲ್ಲಿ?' ಬರೆಯುತ್ತಲೇ ಇದ್ದಳು. ಕುಸುಮಾ ಎಂಬ ನರ್ಸು, ಶಾಲೆಯಿಂದ ಬರುವಾಗ ಕಾಣೆಯಾದ ಅವಳ ಮಗಳು ಇಂಚರ. ಕಥೆಯ ಕೊನೆ ಸರ್ವಮಂಗಳಳ ಮನಸ್ಸಿನಲ್ಲಿ ಮೊದಲ ದಿನದಿಂದಲೇ ಇತ್ತು. ಅದನ್ನು ಬರೆಯುತ್ತೇನೆಂದಾಗ ಕಂಪನಿ 'ಈಗಲೇ ಬೇಡ' ಎಂದಿತು. ಮತ್ತೆ ಕೇಳಿದಳು, ಮತ್ತೆ ಬೇಡ ಎಂದಿತು. ಕೊನೆಗೆ ಬೇಸತ್ತು ಬರೆಯುವುದನ್ನೇ ನಿಲ್ಲಿಸಿದಳು. ತಾನು ನಿಂತರೆ ಕಥೆಯೂ ನಿಲ್ಲುತ್ತದೆಂದು ನಂಬಿದ್ದಳು. ಹೆಣಿಗೆಗೆ ಅವಳ ಕೈ ಬೇಕಿರಲಿಲ್ಲ.

"ಅದನ್ನ ಈಗ ನಾನು ಬರೀತಿಲ್ಲಪ್ಪ" ಎಂದಳು. "ಮಷೀನು ಬರೀತೈತೆ."

"ನಿಮ್ಮ ಹೆಸರು ಐತೆ. ನಿಮ್ಮ ಫೋಟೋ ಐತೆ."

ಅವನು ಜಗಲಿಯ ಅಂಚಿಗೆ ಕುಸಿದಂತೆ ಕೂತ. ಹೆಸರು ಕೊಟ್ರೇಶ, ಹರಿಹರದಲ್ಲಿ ಟೈರ್ ಅಂಗಡಿ. ಹೆಂಡತಿ ರೇಣುಕಾ. "ನಮ್ಮ ಕೂಸು ಹೊಳೆಯಾಗೆ ಹೋತು ಅಕ್ಕಾರೆ. ಹೋದ ವರ್ಷದ ಹಿಂದಿನ ವರ್ಷ. ಮೈ ಸಿಗಲಿಲ್ಲ. ಎಲ್ಲ ಒಂಚೂರು ತಣ್ಣಗಾಗಿತ್ತು, ಇವಳು ಕೆಲಸಕ್ಕೆ ಹೊಂಟಿದ್ಲು. ಅಷ್ಟರಾಗೆ ನಿಮ್ಮ ಕಥೆ ಹಿಡೀತು. ಇಂಚರ ಸಿಕ್ರೆ ನಮ್ಮದೂ ಸಿಗ್ತೈತೆ ಅಂತಾಳೆ. ಆ ಪಟ್ಟಿ ಬಿಚ್ಚಾಕೆ ಹೋದ್ರೆ ನನ್ನ ಕೈ ಕಚ್ಚಿದ್ಲು." ಮುಂಗೈ ತಿರುಗಿಸಿ ತೋರಿಸಿದ. ಹಲ್ಲಿನ ಗುರುತು ಇನ್ನೂ ಕೆಂಪಗಿತ್ತು.

ಅವನು ಹೋದ ಮೇಲೆ ಸರ್ವಮಂಗಳ ತಿಂಗಳುಗಟ್ಟಲೆ ಮುಟ್ಟದಿದ್ದ ಆ್ಯಪನ್ನು ತೆರೆದಳು. ಫ್ಲೆಕ್ಸ್ ಅಂಗಡಿಯ ಕೆಲಸ ಮುಗಿಸಿ ಮುರುಗೇಶ ಬಂದಾಗಲೂ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಓದುತ್ತಲೇ ಇದ್ದಳು. ಒಲೆ ಹಚ್ಚಿರಲಿಲ್ಲ.

"ಹೆಂಗೈತೆ?" ಎಂದು ಕೇಳಿದ ಅವನು.

"ಚೆನ್ನಾಗೈತೆ ರೀ" ಎಂದಳು. ಹಾಗೆ ಹೇಳುವುದೇ ಅವಳಿಗೆ ಹೆದರಿಕೆಯಾಗುವಂತಿತ್ತು. "ನಾನು ಬರೆದಂಗೇ ಐತೆ. ಕೆಲವು ಕಡೆ ನನಗಿಂತ ಚೆಂದ ಬರೆದೈತೆ. ಅರ್ಧ ತಾಸಿನಿಂದ ಬಿಡಬೇಕು ಅಂತ ನೋಡ್ತಿದೀನಿ, ಬಿಡಾಕಾಗ್ತಿಲ್ಲ."

ಮುರುಗೇಶ ಫೋನನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡು ಫ್ರಿಜ್ಜಿನ ಮೇಲಿಟ್ಟ. ಸೊಂಟ ಹಿಡಿದುಕೊಂಡು ಬಗ್ಗಿ ಅನ್ನಕ್ಕೆ ಅಕ್ಕಿ ತೊಳೆಯತೊಡಗಿದ. ದಿನವಿಡೀ ಬ್ಯಾನರಿನ ರೋಲು ಹೊತ್ತು ಅವನ ಬೆನ್ನು ಸೆಟೆದುಹೋಗಿತ್ತು. ಅವಳು ಅವನ ಬೆನ್ನನ್ನೇ ನೋಡುತ್ತ ಕೂತಳು.

ಆ ವಾರವೇ ಹೇಮಾದ್ರಿಯವರ ಫೋನು ಬಂತು. ಅವಳ ಮೊದಲ ಧಾರಾವಾಹಿಯನ್ನು ತಮ್ಮ ವಾರಪತ್ರಿಕೆಯಲ್ಲಿ ಅಚ್ಚು ಹಾಕಿದ ಸಂಪಾದಕರು ಅವರು. ಈಗ ಕಥಾತೊರೆಯ ಕಥಾ ವಿಭಾಗದ ಮುಖ್ಯಸ್ಥರು. "ಮಂಗಳಾ, ಒಂದು ಸಲ ಬೆಂಗಳೂರಿಗೆ ಬನ್ನಿ. ನಿಮಗೊಂದು ಕೆಲಸ ಇಟ್ಟಿದೀನಿ. ಕಾಯಂ ಕೆಲಸದ ಥರಾನೇ ಅಂದ್ಕೊಳ್ಳಿ" ಎಂದರು.

ಕಂಪನಿಯ ಆ ಕೋಣೆಗೆ ಕಿಟಕಿಗಳೇ ಇರಲಿಲ್ಲ. ಒಂದು ಇಡೀ ಗೋಡೆ ಪರದೆಯಾಗಿತ್ತು. ಅದರ ತುಂಬ ಕೂದಲೆಳೆಯಂಥ ಹಸಿರು ಗೆರೆಗಳು ನಡುಗುತ್ತ ಹರಿಯುತ್ತಿದ್ದವು. ಒಂದೊಂದು ಗೆರೆಯೂ ಆ ಗಳಿಗೆಯಲ್ಲಿ 'ಇಂಚರ ಎಲ್ಲಿ?' ಓದುತ್ತಿರುವ ಒಬ್ಬೊಬ್ಬ ಮನುಷ್ಯರ ಎದೆಬಡಿತ ಎಂದು ತನುಜಾ ವಿವರಿಸಿದಳು. ತನುಜಾ ಹೆಣಿಗೆಯನ್ನು ನೋಡಿಕೊಳ್ಳುವ ಎಂಜಿನಿಯರು. ಕಣ್ಣ ಕೆಳಗೆ ಕಪ್ಪು ಕಟ್ಟಿದ್ದ ಸಣಕಲು ಹೆಂಗಸು.

"ಗೆರೆ ಈ ಮೇಲಿನ ಗಡಿ ದಾಟಿದ್ರೆ ಓದುಗರು ಹೆದರಿ ಮುಚ್ಚಿಬಿಡ್ತಾರೆ ಮೇಡಂ. ಕೆಳಗಿನ ಗಡಿ ದಾಟಿದ್ರೆ ಬೇಜಾರಾಗಿ ಎದ್ದು ಹೋಗ್ತಾರೆ. ಇವೆರಡರ ಮಧ್ಯೆ ಹಿಡಿದಿಡೋದೇ ಹೆಣಿಗೆಯ ಕೆಲಸ."

"ಮತ್ತೆ ಕಥೆ ಮುಗಿಯೋದು?"

ತನುಜಾ ಹೇಮಾದ್ರಿಯವರ ಕಡೆ ಒಮ್ಮೆ ನೋಡಿದಳು. "ಮುಗೀತು ಅಂದ್ರೆ ಗೆರೆ ಕೆಳಗಿಳಿಯುತ್ತೆ. ಅದು ಹೆಣಿಗೆಯ ಲೆಕ್ಕದಲ್ಲಿ ಸೋಲು. ಅದಕ್ಕೇ ಮುಗಿಸೋದನ್ನ ಅದು ಕಲಿತೇ ಇಲ್ಲ. ಮುಗಿಸಬೇಡ ಅಂತ ನಾವ್ಯಾರೂ ಹೇಳಿಕೊಟ್ಟಿಲ್ಲ. ಅದೇ ಕಂಡುಕೊಂಡಿದ್ದು."

"ಅಲ್ಲೇ ಈಗ ತೊಂದರೆ ಆಗಿರೋದು" ಎಂದರು ಹೇಮಾದ್ರಿ. ಕನ್ನಡಕ ತೆಗೆದು ಒರೆಸುವ ಅವರ ಹಳೇ ಅಭ್ಯಾಸ ಹಾಗೇ ಇತ್ತು. "ಕೆಲವರು ಸುಸ್ತಾಗಿ ಪಟ್ಟಿ ಕಿತ್ತೆಸೆದು ಹೋಗ್ತಿದಾರೆ. ಹೋದವರು ವಾಪಸ್ ಬರಲ್ಲ. ಅಂಥವರಿಗೆ ಆಗಾಗ ಒಂದು ಸಣ್ಣ ಕೊನೆ ಬೇಕು ಮಂಗಳಾ. ಸಮಾಧಾನ ಆಗಬೇಕು, ಪೂರ್ತಿ ಆಗಬಾರದು. ಅದು ನಿಮ್ಮಂಥವರ ಕೈಯಲ್ಲಿ ಮಾತ್ರ ಆಗೋದು. ನೀವೇ ಪಟ್ಟಿ ಕಟ್ಟಿಕೊಂಡು ಇಲ್ಲಿ ಕೂತು ಕೊನೆಗಳನ್ನ ಬರೀರಿ. ಹೆಣಿಗೆ ನಿಮ್ಮನ್ನ ನೋಡಿ ಕಲಿಯುತ್ತೆ. ಒಂದು ವರ್ಷದ ಕರಾರು."

"ವರ್ಷ ಆದ ಮೇಲೆ?"

ಹೇಮಾದ್ರಿ ಕನ್ನಡಕವನ್ನು ಇನ್ನಷ್ಟು ಒರೆಸಿದರು.

ಅವಳಿಗೆ ಅರ್ಥವಾಯಿತು. ಕಥೆ ಬರೆಯುವವರ ಬಳಿ ಉಳಿದಿದ್ದದ್ದು ಕೊನೆ ಮುಟ್ಟಿಸುವ ಈ ವಿದ್ಯೆಯೊಂದೇ. ಇದನ್ನೂ ಕಲಿಸಿಕೊಟ್ಟರೆ ಆಮೇಲೆ ಯಾರನ್ನೂ ಯಾರೂ ಬೆಂಗಳೂರಿಗೆ ಕರೆಯುವುದಿಲ್ಲ. ಆದರೂ ಥಟ್ಟನೆ ಬೇಡ ಎನ್ನಲು ಬಾಯಿ ಬರಲಿಲ್ಲ. ಅಕ್ಕಿ ತೊಳೆಯಲು ಬಗ್ಗಿದ್ದ ಮುರುಗೇಶನ ಬೆನ್ನು ಕಣ್ಣ ಮುಂದೆ ಬಂತು. ಒಂದು ವರ್ಷವಾದರೂ ಅವನು ಆ ರೋಲು ಹೊರುವುದನ್ನು ಬಿಡಬಹುದು. ತಾನು ಮಾಡದಿದ್ದರೆ ಇನ್ನೊಬ್ಬರು ಮಾಡುತ್ತಾರೆ.

"ಹರಿಹರದಲ್ಲಿ ಒಬ್ಬಳು ಓದ್ತಿದಾಳೆ. ರೇಣುಕಾ ಅಂತ" ಎಂದಳು. "ಅವಳ ಕಥೆ ಎಲ್ಲಿಗೆ ಬಂದಿದೆ, ನಾನು ನೋಡಬೇಕು."

ಅದು ನಿಯಮಕ್ಕೆ ವಿರುದ್ಧ ಎಂದಳು ತನುಜಾ. ತೋರಿಸಿ ಎಂದರು ಹೇಮಾದ್ರಿ. ಹೆಸರು ಒತ್ತುತ್ತಲೇ ಸಾವಿರಾರು ಗೆರೆಗಳು ಮಾಯವಾಗಿ ಗೋಡೆಯ ಮೇಲೆ ಒಂದೇ ಗೆರೆ ಉಳಿಯಿತು. ಪಕ್ಕದಲ್ಲಿ ಆ ಕ್ಷಣ ರೇಣುಕಾ ಓದುತ್ತಿದ್ದ ಪುಟ ತೆರೆದುಕೊಂಡಿತು.

ಆ ಪುಟದಲ್ಲಿ ಕುಸುಮಾ ಒಂದು ಹಾಳು ಗೋದಾಮಿನೊಳಗೆ ನಡೆಯುತ್ತಿದ್ದಳು. ಎಲ್ಲೋ ಮುಂದೆ, ಮೂಟೆಗಳ ಹಿಂದೆ, ಇಂಚರಳ ಗೆಜ್ಜೆ ಸದ್ದು. ಒಂದು ಕಾಲಿನದು ಮಾತ್ರ. ಇನ್ನೊಂದರ ಕೊಕ್ಕೆ ಮುರಿದಿತ್ತು.

"ನನ್ನ ಇಂಚರ ಗೆಜ್ಜೆ ಹಾಕಿರಲಿಲ್ಲ" ಎಂದಳು ಸರ್ವಮಂಗಳ.

"ಇದು ಇವರೊಬ್ಬರಿಗೆ ಮಾತ್ರ ಬಂದಿರೋದು" ಎಂದು ತನುಜಾ ಹಿಂದಿನ ಪುಟಗಳನ್ನು ಸರಿಸುತ್ತ ಹೋದಳು. ಹೆಣಿಗೆ ಒಂದು ಪುಟದಲ್ಲಿ ಹುಡುಗಿಗೆ ಹಳದಿ ಫ್ರಾಕು ತೊಡಿಸಿತ್ತು. ಗೆರೆ ಅಲುಗಿರಲಿಲ್ಲ. ಇನ್ನೊಂದು ಪುಟದಲ್ಲಿ ಹೇರ್‌ಕ್ಲಿಪ್ಪು, ಮತ್ತೊಂದರಲ್ಲಿ ನೀರಿನ ಬಾಟಲಿ. ಆಗಲೂ ಏನಿಲ್ಲ. ಗೆಜ್ಜೆ ಎಂದ ಕೂಡಲೇ ಗೆರೆ ಚಿಮ್ಮಿತ್ತು. ಎರಡೂ ಕಾಲಿಗೆ ಹಾಕಿದಾಗ ಒಂದಿಷ್ಟು. ಒಂದೇ ಕಾಲಿಗೆ ಉಳಿಸಿದಾಗ ಇನ್ನೂ ಮೇಲಕ್ಕೆ. ಕತ್ತಲೆಯಲ್ಲಿ ಗೋಡೆ ತಡವಿಕೊಂಡು ಸ್ವಿಚ್ಚು ಹುಡುಕುವ ಹಾಗೆ ಆ ಯಂತ್ರ ಒಬ್ಬ ತಾಯಿಯ ಸಂಕಟವನ್ನು ತಡವಿ ತಡವಿ ಹುಡುಕಿ, ಸಿಕ್ಕ ಮೇಲೆ ಬೆರಳು ತೆಗೆದಿರಲಿಲ್ಲ.

"ಇದನ್ನ ನಿಲ್ಲಿಸ್ರಿ" ಎಂದಳು. ಬೆಂಗಳೂರಿನವರ ಮುಂದೆ ಆಡುವ ಮಾತು ಮರೆತುಹೋಗಿತ್ತು.

"ನೀವೇ ನಿಲ್ಲಿಸಬಹುದು" ಎಂದರು ಹೇಮಾದ್ರಿ ಮೆತ್ತಗೆ. ಮೇಜಿನ ಮೇಲಿದ್ದ ಹೊಸ ಪಟ್ಟಿಯನ್ನು ಅವಳತ್ತ ಸರಿಸಿದರು. "ಕಟ್ಟಿಕೊಂಡು ಕೂತ್ಕೊಳ್ಳಿ. ನೀವು ಬರೆದಿದ್ದು ನೇರವಾಗಿ ಅವಳ ಫೋನಿಗೆ ಹೋಗುತ್ತೆ. ಕೊನೆ ಕೊಡಿ ಅವಳಿಗೆ. ಕರಾರು ಆಮೇಲೆ ಮಾತಾಡೋಣ."

ಸರ್ವಮಂಗಳ ಪಟ್ಟಿ ಕಟ್ಟಿಕೊಂಡಳು. ಕೀಲಿಮಣೆಯ ಮೇಲೆ ಕೈಯಿಟ್ಟಳು. ನಾಲ್ಕು ತಿಂಗಳಿಂದ ಎದೆಯಲ್ಲಿ ಇಟ್ಟುಕೊಂಡಿದ್ದ ಅಧ್ಯಾಯದ ಮೊದಲ ಸಾಲು ತಾನಾಗಿ ಬಂತು. 'ಅಂದು ಬೆಳಿಗ್ಗೆ ಕುಸುಮಾ ಹುಡುಕಲು ಹೊರಡಲಿಲ್ಲ.'

ಗೋಡೆಯ ಮೇಲಿನ ಗೆರೆ ಸರ್ರನೆ ಮೇಲೆದ್ದಿತು.

ರೇಣುಕಾ ಹೆದರಿದಳು, ಎಂದುಕೊಂಡಳು ಸರ್ವಮಂಗಳ. ಎರಡನೆಯ ಸಾಲು ಮನಸ್ಸಿನಲ್ಲಿ ಬೇರೆಯೇ ಇತ್ತು. ಆದರೆ ಕಣ್ಣು ಗೆರೆಯ ಮೇಲಿತ್ತು. ಅದನ್ನು ತುಸು ತಗ್ಗಿಸಬೇಕೆಂದು ಬೆರಳುಗಳು ಮೆತ್ತನೆಯ ಒಂದು ಮಾತು ಹುಡುಕಿದವು. 'ಹೊರಗೆ ಎಳೆಬಿಸಿಲು ಬಿದ್ದಿತ್ತು.' ಗೆರೆ ಸ್ವಲ್ಪ ಇಳಿಯಿತು. ಇನ್ನೂ ಒಂದು ಮೆತ್ತನೆಯ ಸಾಲು. ಮತ್ತಷ್ಟು ಇಳಿಯಿತು. ತೀರಾ ಇಳಿದರೆ ಎದ್ದುಹೋದಾಳು, ಒಂದು ಸದ್ದು ಮಾಡಿಸೋಣ ಎಂದು ಬೆರಳು ಮುಂದಾಗುವಷ್ಟರಲ್ಲಿ ಅವಳಿಗೆ ತಾನು ಮಾಡುತ್ತಿರುವುದೇನೆಂದು ಹೊಳೆಯಿತು. ಈ ಕೆಲಸವನ್ನು ಅವಳಿಗೆ ಯಾರೂ ಕಲಿಸಿಕೊಟ್ಟಿರಲಿಲ್ಲ. ಗೆರೆ ಎದುರಿಗಿದ್ದದ್ದೇ ಸಾಕಾಗಿತ್ತು.

ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು.

"ಮಂಗಳಾ, ಅರ್ಧಕ್ಕೆ ಬಿಡಬೇಡಿ! ಅವಳು ಓದ್ತಾ ಇದಾಳೆ!"

"ಗೊತ್ತು. ಅದಕ್ಕೇ ಹೋಗ್ತಿದೀನಿ."

ಅವಳು ಬಾಗಿಲು ದಾಟುವ ಮೊದಲೇ ಹೆಣಿಗೆ ಅವಳು ಬಿಟ್ಟ ಸಾಲನ್ನು ಎತ್ತಿಕೊಂಡಿತ್ತು. ತಿರುಗಿ ನೋಡಿದಾಗ ಪರದೆಯ ಮೇಲೆ ಹೊಸ ಅಕ್ಷರಗಳು ಮೂಡುತ್ತಿದ್ದವು: 'ಹೊರಡಲಿಲ್ಲ, ಏಕೆಂದರೆ ಬಾಗಿಲ ಹೊರಗೇ ಒಂಟಿ ಗೆಜ್ಜೆಯ ಸದ್ದಾಯಿತು.'

ಮರುದಿನ ಬೆಳಗಿನ ರೈಲಿಗೆ ಅವಳು ಹರಿಹರದಲ್ಲಿ ಇಳಿದಳು. ಅವನು ಬಿಟ್ಟುಹೋಗಿದ್ದ ನಂಬರಿಗೆ ಅವಳು ಫೋನ್ ಮಾಡಿದ್ದರಿಂದ ಕೊಟ್ರೇಶ ಸ್ಟೇಷನ್ನಿಗೇ ಬಂದಿದ್ದ. "ನಿನ್ನೆಯಿಂದ ಇನ್ನೂ ಜಾಸ್ತಿ ಆಗೈತೆ ಅಕ್ಕಾರೆ. ಬಾಗಿಲ ಹತ್ರಾನೇ ಕುಂತಾಳೆ. ಗೆಜ್ಜೆ ಸದ್ದು ಕೇಳ್ತಂತೆ" ಎಂದ. ಆ ಬಾಗಿಲನ್ನು ಕಥೆಯೊಳಗೆ ತಂದಿಟ್ಟದ್ದು ತನ್ನ ಅರ್ಧ ಬಿಟ್ಟ ಸಾಲೇ ಎಂದು ಸರ್ವಮಂಗಳಳಿಗೆ ಗೊತ್ತಿತ್ತು.

ರೇಣುಕಾ ಹೊಸ್ತಿಲ ಒಳಗೆ ಚಾಪೆಯ ಮೇಲೆ ಕೂತಿದ್ದಳು. ಕೆದರಿದ ತಲೆ, ಮಣಿಕಟ್ಟಿನಲ್ಲಿ ಪಟ್ಟಿ, ತೊಡೆಯ ಮೇಲೆ ಫೋನು. ಕೊಟ್ರೇಶ ಪರಿಚಯ ಮಾಡಿಸಿದರೂ ಅವಳು ಕತ್ತೆತ್ತಲಿಲ್ಲ.

"ಕಥೆ ಬರೆಯೋರು ಇಲ್ಲ್ಯಾಕೆ ಬರ್ತಾರೆ? ಈಗಷ್ಟೇ ಬರೆದು ಕಳಿಸ್ಯಾರೆ" ಎಂದಳು.

ಸರ್ವಮಂಗಳ ಅವಳೆದುರು ನೆಲದ ಮೇಲೆ ಕೂತಳು. "ಅದು ನಾನು ಬರೆದಿದ್ದಲ್ಲ ತಂಗಿ. ಕುಸುಮಾ ರೈಲ್ವೆ ಸ್ಟೇಷನ್ನಿನಾಗೆ ಚಪ್ಪಲಿ ಕಳ್ಕಂತಾಳಲ್ಲ, ಅಲ್ಲೀ ತನಕ ನಾನು ಬರೆದೆ. ಆಮೇಲಿಂದೆಲ್ಲ ಮಷೀನು. ನಿನ್ನ ಕೈಯಾಗಿನ ಪಟ್ಟಿ ನೋಡ್ಕಂಡು, ನಿನಗೆ ಎಲ್ಲಿ ನೋವಾಗ್ತೈತೋ ಅದನ್ನೇ ಬರಿಯೋ ಮಷೀನು."

ಈಗ ರೇಣುಕಾ ನೋಡಿದಳು. ಫೋನಿನ ಮೇಲಿದ್ದ ಫೋಟೋವನ್ನೂ ಎದುರಿಗಿದ್ದ ಮುಖವನ್ನೂ ಎರಡೆರಡು ಸಲ ನೋಡಿದಳು.

"ಗೆಜ್ಜೆ?"

"ನಾನು ಬರೀಲಿಲ್ಲ."

"ಹಂಗಾದ್ರೆ ನಾನು ಇಷ್ಟು ದಿನ ಅತ್ತಿದ್ದು ಯಾರ ಮುಂದೆ?" ರೇಣುಕಾ ಕೂಗಿದಳು. "ನೀವು ಒಬ್ರಾದ್ರೂ ಇದೀರಿ, ನಿಮಗೆ ಗೊತ್ತೈತೆ, ನೀವು ಅವಳನ್ನ ನನಗೆ ತಂದು ಕೊಡ್ತೀರಿ ಅಂತ ಅಲ್ಲೇನು ನಾನು ಓದಿದ್ದು? ಯಾಕ್ ಬಿಟ್ಟು ಹೋದ್ರಿ? ಬರಿಯಾಕೆ ಆಗದಿದ್ರೆ ಯಾಕ್ ಶುರು ಮಾಡಿದ್ರಿ?"

ಕೊಟ್ರೇಶ ಮುಂದೆ ಬಂದ. ಸರ್ವಮಂಗಳ ಕೈಯೆತ್ತಿ ಅವನನ್ನು ತಡೆದಳು. ಬೈಗುಳ ತನಗೆ ಸಲ್ಲಬೇಕಾದ್ದೇ ಅನ್ನಿಸಿತು.

"ಕೊನೆ ನನ್ನ ಹತ್ರ ಐತೆ" ಎಂದಳು. "ಯಾರಿಗೂ ಹೇಳಿಲ್ಲ. ನಿನಗೆ ಹೇಳಾಕೆ ಬಂದೀನಿ."

"ಸಿಗ್ತಾಳಾ?"

ಸರ್ವಮಂಗಳಳ ಎದುರಿಗೆ ಗೋಡೆಯಿಲ್ಲ, ಗೆರೆಯಿಲ್ಲ. ಈ ಹೆಂಗಸು ಎದ್ದು ಹೊಡೆಯಬಹುದು, ಹೊಳೆಯ ಕಡೆ ಓಡಬಹುದು. "ಕೇಳು" ಎಂದಷ್ಟೇ ಹೇಳಿದಳು.

ಕುಸುಮಾ ಅಂದು ಬೆಳಿಗ್ಗೆ ಹುಡುಕಲು ಹೊರಡಲಿಲ್ಲ, ಡ್ಯೂಟಿಗೆ ಹೋದಳು ಎಂದು ಶುರುಮಾಡಿದಳು. ಎಷ್ಟೋ ದಿನಗಳ ಮೇಲೆ ಆಸ್ಪತ್ರೆಯ ಸೀರೆ ಉಟ್ಟಳು. ಸೀರೆ ಸಡಿಲವಾಗಿತ್ತು, ಪಿನ್ನು ಹಾಕಿಕೊಂಡಳು.

ಚಾಪೆಯ ಮೇಲಿನ ಫೋನು ಟಿಣ್ ಎಂದಿತು. ಓದುವ ಕಣ್ಣು ತಪ್ಪಿದ್ದು ಹೆಣಿಗೆಗೆ ಗೊತ್ತಾಗಿತ್ತು. ಪರದೆಯ ಮೇಲೆ ಒಂದು ಸಾಲು: 'ಬಾಗಿಲು ತೆರೆಯಮ್ಮಾ...'

ರೇಣುಕಾಳ ಕೈ ಚಾಚಿತು. ಸರ್ವಮಂಗಳ ಅದನ್ನು ಹಿಡಿಯಲಿಲ್ಲ. ಹೇಳುವುದನ್ನೂ ನಿಲ್ಲಿಸಲಿಲ್ಲ. ಮಕ್ಕಳ ವಾರ್ಡಿನಲ್ಲಿ ಜ್ವರ ಬಿಟ್ಟಿದ್ದ ಒಂದು ಹುಡುಗಿ ಇತ್ತು. ಅದರ ತಾಯಿ ಮಾತ್ರೆ ತರಲು ಹೋಗಿದ್ದಳು. ಹುಡುಗಿ, ಸಿಸ್ಟರ್ ನನಗೆ ಜಡೆ ಹಾಕ್ತೀರಾ ಎಂದು ಕೇಳಿತು. ಅಷ್ಟು ದಿನ ಕುಸುಮಾ ಯಾವ ಮಗುವಿನ ಮುಖ ನೋಡಿದರೂ ಅದರಲ್ಲಿ ಇಂಚರಳ ಕಣ್ಣು, ಇಂಚರಳ ಗಲ್ಲ ಹುಡುಕುತ್ತಿದ್ದಳು. ಸಿಗದಿದ್ದರೆ ಮುಖ ತಿರುಗಿಸಿಬಿಡುತ್ತಿದ್ದಳು.

ಟಿಣ್. 'ಅಮ್ಮಾ, ಕತ್ತಲಾಗ್ತಿದೆ.' ಟಿಣ್. 'ಕಾಲು ನೋಯ್ತಿದೆ ಅಮ್ಮಾ.' ಮಣಿಕಟ್ಟಿನ ಪಟ್ಟಿಯೂ ಗುಂಯ್ ಎಂದು ನಡುಗತೊಡಗಿತು. ರೇಣುಕಾ ಫೋನನ್ನು ಎತ್ತಿಕೊಂಡುಬಿಟ್ಟಳು. ಪರದೆಯ ಬೆಳಕು ಅವಳ ಗಲ್ಲದ ಮೇಲೆ ಬಿತ್ತು. ಅವಳ ಉಸಿರು ಏರುವುದು ಸರ್ವಮಂಗಳಳಿಗೆ ಕೇಳಿಸುತ್ತಿತ್ತು. ಹೆಣಿಗೆಯ ಮಾತುಗಳು ಒಂದು ಕಾಲಕ್ಕೆ ತನ್ನವೇ. ತಾಯಂದಿರನ್ನು ಅಳಿಸುವುದು ಹೇಗೆಂದು ಅದು ಕಲಿತದ್ದು ತನ್ನ ಪುಟಗಳಿಂದಲೇ.

"ಕುಸುಮಾ ಬಾಚಣಿಗೆ ತಗಂಡ್ಲು" ಎಂದಳು. "ಆ ಹುಡುಗಿ ತಲೆ ಬಾಚಿದ್ಲು. ಗಂಟು ಬಿಡಿಸಿದ್ಲು. ಹುಡುಗಿ ಅವರೂರಿನ ಮೇಕೆಮರಿ ವಿಷಯ ಹೇಳ್ತಿತ್ತು, ಇವಳು ಹ್ಞೂಂ ಹ್ಞೂಂ ಅಂತ ಕೇಳಿದ್ಲು. ಎರಡು ಜಡೆ ಹಾಕಿ, ಟೇಪು ಕಟ್ಟಿ, ಎಲ್ಲಿ ಈ ಕಡೆ ತಿರುಗು ಅಂದ್ಲು. ಹುಡುಗಿ ತಿರುಗಿತು. ಕುಸುಮಾ ಆ ಮುಖಾನ ನೋಡಿದ್ಲು. ಅದು ಆ ಹುಡುಗಿ ಮುಖ. ಅದರಾಗೆ ಬೇರೆ ಯಾರನ್ನೂ ಹುಡುಕಲಿಲ್ಲ. ಚೆಂದ ಕಾಣ್ತಿ ಅಂದ್ಲು."

"ಆಮೇಲೆ?"

"ಅಷ್ಟೇ."

"ಇಂಚರ?"

"ಇಂಚರ ಸಿಗೂದಿಲ್ಲ ತಂಗಿ."

ಫೋನು ಮತ್ತೆ ಟಿಣ್ ಎಂದಿತು. ಮತ್ತೆ. ಮತ್ತೆ. ರೇಣುಕಾ ಅದನ್ನು ಕೈಯಲ್ಲಿ ಹಿಡಿದೇ ಇದ್ದಳು, ನೋಡುತ್ತಿರಲಿಲ್ಲ. ಕೊಟ್ರೇಶ ಗೋಡೆಗೆ ಒರಗಿ ಬಾಯಿಗೆ ಟವೆಲು ಒತ್ತಿಕೊಂಡಿದ್ದ. ಆಮೇಲೆ ರೇಣುಕಾಳ ಎದೆಯಿಂದ ಒಂದು ಸದ್ದು ಬಂತು. ಅಳು ಎನ್ನುವಂತೆಯೂ ಇರಲಿಲ್ಲ, ಒಳಗೆ ಏನೋ ಭಾರದ್ದು ಜರುಗಿದಂತಿತ್ತು. ಅವಳು ಮುಂದಕ್ಕೆ ಬಗ್ಗಿ ಹಣೆಯನ್ನು ನೆಲಕ್ಕೆ ಹಚ್ಚಿದಳು. ಸರ್ವಮಂಗಳ ಅವಳ ಬೆನ್ನ ಮೇಲೆ ಕೈಯಿಟ್ಟು ಹಾಗೇ ಕೂತಿದ್ದಳು.

"ಭುವನಾ" ಎಂದಳು ರೇಣುಕಾ ನೆಲದ ಕಡೆ ಮುಖ ಮಾಡಿಕೊಂಡೇ. "ನಮ್ಮ ಹುಡುಗಿ ಹೆಸರು ಭುವನಾ ಅಂತ." ಅದನ್ನು ಅವಳ ಬಾಯಲ್ಲಿ ಕೇಳಿ ಎರಡು ವರ್ಷವಾಯಿತೆಂದು ಕೊಟ್ರೇಶ ಆಮೇಲೆ ಹೇಳಿದ. ಎದ್ದು ಕೂತ ಮೇಲೆ ಅವಳು ತಾನೇ ಪಟ್ಟಿ ಬಿಚ್ಚಿದಳು. ಮಣಿಕಟ್ಟಿನ ಚರ್ಮ ಬಿಳಿಚಿ ಸುಕ್ಕಾಗಿತ್ತು. ಅದನ್ನು ಉಜ್ಜಿಕೊಳ್ಳುತ್ತ ಗಂಡನನ್ನು ಕೇಳಿದಳು, "ಅನ್ನ ಐತೇನು?"

ಅವಳು ಉಣ್ಣುವುದನ್ನು ನೋಡಿಕೊಂಡೇ ಸರ್ವಮಂಗಳ ಬಸ್ಸು ಹತ್ತಿದಳು. ದಾವಣಗೆರೆ ಮುಟ್ಟುವ ಮೊದಲೇ ಹೇಮಾದ್ರಿಯವರ ಫೋನು.

"ಪಟ್ಟಿ ಬಿಚ್ಚೋಕೆ ಮೊದಲೇ ಆ ಹೆಂಗಸಿನ ಗೆರೆ ಕೆಳಗಿಳಿದು ನಿಂತುಬಿಡ್ತು. ನಾವು ಏನು ಕಳಿಸಿದ್ರೂ ಏಳಲಿಲ್ಲ. ಇಂಥದ್ದನ್ನ ನಾವು ನೋಡೇ ಇರಲಿಲ್ಲ ಮಂಗಳಾ. ಇದು ನಿಮ್ಮದೇ ಕೆಲಸ ಅಂತ ಗೊತ್ತು. ಏನು ಬರೆದ್ರಿ?"

"ಬರೀಲಿಲ್ಲ. ಹೇಳಿದೆ."

"ಹಾಗಾದ್ರೆ ಹೇಳಿದ್ದನ್ನೇ ಬರೆದುಕೊಡಿ. ನೀವು ಕೇಳೋ ಷರತ್ತಿಗೆ ನಾನು ಕಂಪನೀನ ಒಪ್ಪಿಸ್ತೀನಿ."

"ನನ್ನ ಹೆಸರು ತೆಗೀರಿ ಸರ್. ನನಗೆ ಬೇಕಾಗಿರೋದು ಅಷ್ಟೇ."

ಹೇಮಾದ್ರಿ ಹಿಂದಿನ ಕಾಲದ ಸಂಪಾದಕರ ದನಿಯಲ್ಲಿ, ಬೇಸರದಿಂದಲೇ, ಹೇಳಿದರು: "ಹೆಸರು ನಿಮ್ಮದಲ್ಲಮ್ಮ ಈಗ. ಕಂಪನಿಗೆ ನೀವೇ ಬರೆದುಕೊಟ್ಟಾಯ್ತು. ನೀವು ಒಲ್ಲೆ ಅಂದ್ರೆ ಸಾಯಂಕಾಲದೊಳಗೆ ನಿಮ್ಮ ಖಾತೆ ಮುಚ್ಚಬೇಕಾಗುತ್ತೆ. ಕೊನೆ ಕಲಿಸಿಕೊಡೋಕೆ ಇನ್ನೊಬ್ಬರು ಒಪ್ಪಿದಾರೆ. ಅವರಿಗೂ ಸಂಸಾರ ಇದೆ." ಒಪ್ಪಿದವರು ಕಲ್ಯಾಣಮಂಟಪದ ಮ್ಯಾನೇಜರ್ ಆಗಿದ್ದವರು ಎಂದು ತಿಳಿದಾಗ ಸರ್ವಮಂಗಳಳಿಗೆ ಸಿಟ್ಟು ಬರಲಿಲ್ಲ. ಹಿಂದಿನ ದಿನ ಆ ಪಟ್ಟಿ ತನ್ನ ಕೈಯಲ್ಲೇ ಇತ್ತು.

ಮನೆಗೆ ಬಂದು ಕಾಲು ತೊಳೆಯುತ್ತಿದ್ದಾಗ ಮತ್ತೊಂದು ಫೋನು. ಗುರುತಿಲ್ಲದ ನಂಬರು. ಪಿಸುದನಿ. "ನಾನು ತನುಜಾ, ಮೇಡಂ. ಅಧ್ಯಾಯದ ಮೇಲೆ 'ಲೇಖಕರ ಮಾತು' ಅಂತ ಒಂದು ಜಾಗ ಇರ್ತಿತ್ತಲ್ಲ, ಹಬ್ಬದ ಶುಭಾಶಯ ಹಾಕೋಕೆ? ಅದನ್ನ ಯಾರೂ ತೆಗೆದಿಲ್ಲ. ನಿಮ್ಮ ಖಾತೆ ಮುಚ್ಚೋ ತನಕ ಅಲ್ಲಿ ಏನು ಬರೆದ್ರೂ ಎಲ್ಲರ ಪುಟದ ಮೇಲೂ ಹೋಗುತ್ತೆ. ಹೆಣಿಗೆ ಅದನ್ನ ಮುಟ್ಟಲ್ಲ." ಅಷ್ಟು ಹೇಳಿ ಇಟ್ಟುಬಿಟ್ಟಳು.

ಮುರುಗೇಶ ಅಂದು ಬೇಗ ಬಂದಿದ್ದ. ಅವಳು ಎಲ್ಲವನ್ನೂ ಹೇಳಿದಳು: ಬರೆದರೆ ಕಂಪನಿ ಕೋರ್ಟಿಗೆ ಎಳೆಯಬಹುದು, ಇನ್ನು ಯಾವ ಆ್ಯಪೂ ತನ್ನನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಬರೆದು ಸಂಪಾದಿಸುವ ದಾರಿ ಇವತ್ತಿಗೆ ಮುಗಿಯುತ್ತದೆ. ಅವನು ಕುರ್ಚಿ ಎಳೆದು ಅವಳ ಪಕ್ಕದಲ್ಲಿ ಕೂತ.

ಇಂಚರ ಸಿಗುವುದಿಲ್ಲ ಎಂದು ಎಲ್ಲರಿಗೂ ಬರೆದುಬಿಡಲೇ ಎಂದು ಮೊದಲು ಯೋಚಿಸಿದಳು. ನೆಲಕ್ಕೆ ಹಣೆ ಹಚ್ಚಿದ್ದ ರೇಣುಕಾ ನೆನಪಾದಳು. ಆ ಮಾ‌ತನ್ನು ಒಂಟಿಯಾಗಿ ಫೋನಿನಲ್ಲಿ ಓದಿಕೊಳ್ಳಲು ಯಾರಿಗೂ ಕೊಡಬಾರದು. ಟೈಪು ಮಾಡಿದ್ದನ್ನು ಅಳಿಸಿ ಬೇರೆ ಬರೆದಳು:

'ಓದುಗರೆ, ಈ ಕಥೆ ಬರೆಯುವುದನ್ನು ನಾನು ನಿಲ್ಲಿಸಿ ನಾಲ್ಕು ತಿಂಗಳಾಯಿತು. ಈಗ ನೀವು ಓದುತ್ತಿರುವುದು ಯಂತ್ರ ಬರೆದದ್ದು, ನನ್ನದಲ್ಲ. ಅದಕ್ಕೆ ಕೊನೆ ಗೊತ್ತಿಲ್ಲ. ನನಗೆ ಗೊತ್ತು. ಬೇಕಾದವರು ಫೋನ್ ಮಾಡಿ, ಹೇಳುತ್ತೇನೆ. ಸರ್ವಮಂಗಳ, ದಾವಣಗೆರೆ.' ಕೆಳಗೆ ತನ್ನ ಮೊಬೈಲ್ ನಂಬರು.

"ನಂಬರು ಸರಿಯಾಗಿ ಹಾಕಿದ್ಯಾ, ನೋಡು" ಎಂದ ಮುರುಗೇಶ. ಪ್ರೆಸ್ಸಿನವನು, ಪ್ರೂಫು ನೋಡದೆ ಅಚ್ಚಿಗೆ ಬಿಟ್ಟವನಲ್ಲ. ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದಿದ. "ಸರಿ ಐತೆ. ಕಳಿಸು."

ಕಳಿಸಿದಳು. ಏನೂ ಆಗಲಿಲ್ಲ. ಪಕ್ಕದ ಮನೆಯ ಕುಕ್ಕರು ಕೂಗಿತು. ಬೀದಿಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು. ಅವಳು ಆ್ಯಪನ್ನು ಮತ್ತೆ ತೆರೆಯಲು ನೋಡಿದಳು; ಖಾತೆ ಮುಚ್ಚಿತ್ತು. ಮಾತು ಎಷ್ಟು ಜನರಿಗೆ ತಲುಪಿತೋ, ತಲುಪುವ ಮೊದಲೇ ಅಳಿಸಿಹೋಯಿತೋ ತಿಳಿಯುವ ದಾರಿಯಿರಲಿಲ್ಲ. ಮುರುಗೇಶ ಎದ್ದು ಚಹಾಕ್ಕೆ ನೀರಿಟ್ಟ.

ನೀರು ಕುದಿಯುವ ಮೊದಲೇ ಫೋನು ರಿಂಗಾಯಿತು. ಎತ್ತಿದಾಗ ಆ ಕಡೆ ಮೊದಲು ಉಸಿರು ಮಾತ್ರ ಕೇಳಿಸಿತು. ಆಮೇಲೆ ವಯಸ್ಸಾದ ಗಂಡಸಿನ ದನಿ, ತಡೆತಡೆದು: "ನಾನು ರಾಯಚೂರಿನಿಂದರಿ... ನೀವು ಖರೇನೇ ಅವರೇ ಏನ್ರಿ?" ಅವರ ಮಾತಿನ ನಡುವೆಯೇ ಇನ್ನೊಂದು ಕರೆಯ ಟಿಂಗ್ ಟಿಂಗ್ ಶುರುವಾಯಿತು, ಅದರ ಹಿಂದೆ ಮತ್ತೊಂದು.

ಸರ್ವಮಂಗಳ ಗೋಡೆಗೆ ಒರಗಿ ನೆಲದ ಮೇಲೆ ಕೂತು, ಕಾಲು ಚಾಚಿಕೊಂಡಳು.

"ಹೌದು, ನಾನೇ" ಎಂದಳು. "ಅವಸರ ಇಲ್ಲ, ಹೇಳ್ರಿ. ನಿಮ್ಮ ಕಥೆಯೊಳಗೆ ಹುಡುಗಿ ಎಲ್ಲಿದ್ದಾಳೆ?"